ನಸೀಮ್ ಕಂಡ ಡಿಸೆಂಬರ್

2023ರ ಜುಲೈನಲ್ಲಿ ಪ್ರೈಮ್ ವಿಡಿಯೋದಲ್ಲಿ ‘ಬವಾಲ್’ ಎಂಬ ಹಿಂದಿ ಸಿನಿಮಾ ಬಂತು. ‘ದಂಗಲ್’ ಮಾಡಿದ ನಿತೇಶ್ ತಿವಾರಿ ಅದರ ನಿರ್ದೇಶಕರು. ವರುಣ್ ಧವನ್, ಜಾಹ್ನವಿ ಕಪೂರ್ ಜೋಡಿ. ನಾಯಕ ಲಖನೌದ ಒಬ್ಬ ಇತಿಹಾಸ ಮೇಷ್ಟ್ರು. ಪಾಠ ಬಾರದು, ಪೋಸು ಚೆನ್ನಾಗಿ ಬರುತ್ತದೆ. ಶಾಸಕರ ಮಗನ ಕಪಾಳಕ್ಕೆ ಹೊಡೆದು ಅಮಾನತಾದವನು ಕೆಲಸ ಉಳಿಸಿಕೊಳ್ಳಲು ಯೂರೋಪಿಗೆ ಹಾರುತ್ತಾನೆ. ಎರಡನೇ ಮಹಾಯುದ್ಧ ನಡೆದ ಜಾಗಗಳಲ್ಲೇ ನಿಂತು ತನ್ನ ಶಾಲೆಯ ಮಕ್ಕಳಿಗೆ ವಿಡಿಯೋ ಪಾಠ ಮಾಡುತ್ತಾನೆ. ಊರೂರು ಸುತ್ತಿ ಕೊನೆಗೆ ಆಶ್‌ವಿಟ್ಸ್ ಮುಟ್ಟುತ್ತಾನೆ. ಅಲ್ಲಿನ ಅನಿಲ ಕೊಠಡಿಯೊಳಗೆ ತಾವೇ ಸಿಕ್ಕಿಕೊಂಡಂತೆ ಗಂಡ ಹೆಂಡತಿ ಕಲ್ಪಿಸಿಕೊಳ್ಳುವ ಕಪ್ಪುಬಿಳುಪು ದೃಶ್ಯವೊಂದಿದೆ. ಅದಾದ ಮೇಲೆ ಅವರ ಬಿರುಕುಬಿಟ್ಟ ಸಂಸಾರ ಸರಿಹೋಗುತ್ತದೆ. ಪ್ರತಿ ಸಂಬಂಧವೂ ತನ್ನದೊಂದು ಆಶ್‌ವಿಟ್ಸ್ ದಾಟಿ ಬರಬೇಕು ಎಂಬರ್ಥದ ಮಾತು ಕೂಡ ಚಿತ್ರದಲ್ಲಿ ಇದೆ. ಹನ್ನೊಂದು ಲಕ್ಷ ಜನರನ್ನು ಕೊಂದ ಜಾಗವನ್ನು ದಂಪತಿಗಳ ಕೌನ್ಸೆಲಿಂಗ್ ಕೇಂದ್ರ ಮಾಡಿಕೊಂಡದ್ದಕ್ಕೆ ಅಮೆರಿಕದ ಸೈಮನ್ ವೀಸೆಂಥಾಲ್ ಸೆಂಟರ್ ಸಿಟ್ಟಾಯಿತು. ಚಿತ್ರವನ್ನು ತೆಗೆದುಹಾಕಿ ಎಂದು ಅಮೆಜಾನ್ ಕಂಪನಿಗೆ ಬರೆಯಿತು.

ಸಿಟ್ಟು ನ್ಯಾಯವಾದದ್ದೇ. ಆದರೆ ನನ್ನ ಕಣ್ಣು ಹೋದದ್ದು ಲಖನೌದ ಆ ತರಗತಿಯ ಕಡೆಗೆ. ಪರದೆಯ ಮೇಲೆ ಮೇಷ್ಟ್ರು ತೋರಿಸಿದ್ದನ್ನೆಲ್ಲ ಆ ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಆಶ್‌ವಿಟ್ಸ್‌ನಲ್ಲಿ ತಮ್ಮ ಓರಗೆಯ ಮಕ್ಕಳಿಗೆ ಏನಾಯಿತೆಂದು ಅವರಲ್ಲಿ ಒಬ್ಬರೂ ಕೇಳುವುದಿಲ್ಲ, ಮೇಷ್ಟ್ರೂ ಹೇಳುವುದಿಲ್ಲ. ನಾತ್ಸಿಗಳು ಕೊಂದ ಸುಮಾರು ಅರುವತ್ತು ಲಕ್ಷ ಯಹೂದಿಗಳಲ್ಲಿ ಹದಿನೈದು ಲಕ್ಷದಷ್ಟು ಮಕ್ಕಳೇ ಇದ್ದರು. ಮಕ್ಕಳಿಗಾಗಿ ಪಾಠ ಮಾಡುತ್ತೇನೆ ಎಂದು ಹೊರಟ ಸಿನಿಮಾಕ್ಕೆ ಮಕ್ಕಳ ಲೆಕ್ಕವೇ ಬೇಡವಾಯಿತು.

ಮುಂಬಯಿಯ ಚಿತ್ರರಂಗಕ್ಕೆ ಇದು ದೂರದ ದೇಶದ ಸುದ್ದಿ, ತಿಳಿಯದೆ ಎಡವಿತು ಎಂದು ಬಿಟ್ಟುಬಿಡೋಣವೇ? ಹಾಗೆ ಬಿಡಲು ನಮ್ಮ ಊರಿನ ಚರಿತ್ರೆ ಒಪ್ಪುವುದಿಲ್ಲ. ಮಲಾಡ್ ಪಶ್ಚಿಮದಲ್ಲಿ ಈಗ ಸಣ್ಣಪುಟ್ಟ ಕಾರ್ಖಾನೆ, ಗೋದಾಮು ತುಂಬಿರುವ ಬಾಂಬೆ ಟಾಕೀಸ್ ಕಾಂಪೌಂಡ್ ಇದೆಯಲ್ಲ, 1930ರ ದಶಕದಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಕಟ್ಟಿದ ಆ ಸ್ಟುಡಿಯೋದಲ್ಲಿ ‘ಅಛೂತ್ ಕನ್ಯಾ’ ನಿರ್ದೇಶಿಸಿದವರು ಫ್ರಾಂಜ್ ಓಸ್ಟೆನ್ ಎಂಬ ಜರ್ಮನ್. ಅಸ್ಪೃಶ್ಯತೆಯ ವಿರುದ್ಧ ಕಣ್ಣೀರು ಹಾಕಿಸಿದ ಆ ಚಿತ್ರ ಬಂದದ್ದು 1936ರಲ್ಲಿ. ಓಸ್ಟೆನ್ ನಾತ್ಸಿ ಪಕ್ಷದ ಸದಸ್ಯರಾದದ್ದೂ ಅದೇ ವರ್ಷ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಅವರನ್ನೂ ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಮೊದಲಾದವರನ್ನೂ ಹಿಡಿದು ಶಿಬಿರಕ್ಕೆ ಹಾಕಿದರು. ಇತ್ತ ಅದೇ 1939ರಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಇದೇ ಮುಂಬಯಿಗೆ ಬಂದವರು ವಿಲ್ಲಿ ಹಾಸ್. ಬರ್ಲಿನ್‌ನಲ್ಲಿ ಹೆಸರಾಂತ ಸಾಹಿತ್ಯ ಪತ್ರಿಕೆಯೊಂದನ್ನು ನಡೆಸಿದ್ದ, ನಿರ್ದೇಶಕ ಪಾಬ್ಸ್ಟ್‌ನ ಸಿನಿಮಾಕ್ಕೆ ಚಿತ್ರಕತೆ ಬರೆದಿದ್ದ ಯಹೂದಿ ಲೇಖಕ. ಇಲ್ಲಿ ಅವರು ಮೋಹನ್ ಭವನಾನಿಯವರ ಕಂಪನಿಗೆ ಹಿಂದಿ ಚಿತ್ರಗಳ ಕತೆ ಬರೆದು ಹೊಟ್ಟೆ ಹೊರೆದರು. ಅವರಿಗಿಂತ ಮೊದಲೇ, 1934ರಲ್ಲಿ ಬಂದಿದ್ದ ವಾಲ್ಟರ್ ಕೌಫ್‌ಮನ್ ಆಕಾಶವಾಣಿಯ ಸಿಗ್ನೇಚರ್ ಟ್ಯೂನ್ ಕೊಟ್ಟವರು. ಬೆಳಿಗ್ಗೆ ರೇಡಿಯೋ ತಿರುಗಿಸಿ ನಾವೆಲ್ಲ ಕೇಳಿಕೊಂಡು ಬೆಳೆದ ಆ ತಂಬೂರಿ-ಪಿಟೀಲು ಒಬ್ಬ ನಿರಾಶ್ರಿತನ ಕೈಯದು. ವಾಲ್ಟರ್ ಲಾಂಗ್‌ಹ್ಯಾಮರ್, ರೂಡಿ ಫಾನ್ ಲೈಡೆನ್, ಇಮ್ಯಾನುಯೆಲ್ ಶ್ಲೆಸಿಂಗರ್ ಎಂಬ ಮೂವರು ನಿರಾಶ್ರಿತರ ಬೆಂಬಲವಿಲ್ಲದೆ ಆರಾ, ರಝಾ, ಹುಸೇನರ ಪ್ರಗತಿಶೀಲ ಕಲಾವಿದರ ಗುಂಪಿನ ಕತೆ ಪೂರ್ತಿಯಾಗುವುದಿಲ್ಲ.

ಮಕ್ಕಳೂ ಬಂದಿದ್ದರು. 1942ರಲ್ಲಿ ಪೋಲೆಂಡಿನ ಅನಾಥ ಮಕ್ಕಳ ಮೊದಲ ತಂಡ ಲಾರಿಗಳಲ್ಲಿ ಮಧ್ಯ ಏಷ್ಯಾದ ಬೆಟ್ಟ, ಮರಳುಗಾಡು ದಾಟಿ ಬಂದು ಕೆಲಕಾಲ ಬಾಂದ್ರಾದಲ್ಲಿ ಉಳಿದಿತ್ತು. ಆಮೇಲೆ ಜಾಮ್‌ನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ಅವರಿಗೆ ನೆಲೆ ಕೊಟ್ಟರು. ಬೆಳಗಾವಿಯವರಿಗೆ ಪಕ್ಕದ ಊರೇ ಆದ ಕೊಲ್ಹಾಪುರದ ವಳಿವಡೆಯಲ್ಲಿ 1943ರಿಂದ 48ರವರೆಗೆ ಸುಮಾರು ಐದು ಸಾವಿರ ಪೋಲಿಷ್ ಜನರ ಊರೇ ಇತ್ತು. ಇವರಲ್ಲಿ ಬಹುಪಾಲು ಕ್ಯಾಥಲಿಕರು, ಸ್ಟಾಲಿನ್ ಗಡೀಪಾರು ಮಾಡಿದ್ದವರು. ಹಾಗಾಗಿ ನಾತ್ಸಿ ನರಮೇಧದ ಲೆಕ್ಕಕ್ಕೆ ಇವರನ್ನು ಸೇರಿಸಕೂಡದು. ಆದರೂ ಯುದ್ಧ ನುಂಗಲು ಹೋಗಿ ಉಗುಳಿದ ಮಕ್ಕಳು ಬಾಂದ್ರಾದ ಬೀದಿಯಲ್ಲಿ ಓಡಾಡಿದ್ದರು. ಅಷ್ಟು ಹತ್ತಿರದಲ್ಲೇ ಇದ್ದ ಈ ಉದ್ಯಮ ಅವರತ್ತ ಕ್ಯಾಮೆರಾ ತಿರುಗಿಸಲಿಲ್ಲ. ಯಹೂದಿಗಳ ಕಷ್ಟದ ಮೇಲೆ ಮುಂಬಯಿ ಮಾಡಿದ ದೊಡ್ಡ ಚಿತ್ರವೆಂದರೆ ಬಿಮಲ್ ರಾಯರ ‘ಯಹೂದಿ’ (1958). ಅದು ಆಗಾ ಹಶ್ರ್ ಕಾಶ್ಮೀರಿಯವರ ಹಳೆಯ ಪಾರ್ಸಿ ರಂಗಭೂಮಿ ನಾಟಕ. ನಡೆಯುವುದು ರೋಮಿನ ಸಾಮ್ರಾಜ್ಯದಲ್ಲಿ. ಆಶ್‌ವಿಟ್ಸ್ ಬಿಡುಗಡೆಯಾಗಿ ಹದಿಮೂರು ವರ್ಷವಾಗಿದ್ದರೂ ನಾವು ದಿಲೀಪ್ ಕುಮಾರನಿಗೆ ರೋಮನ್ ಉಡುಪು ತೊಡಿಸಿ ಸುಮ್ಮನಾದೆವು. 2006ರಲ್ಲಿ ಖಾರ್‌ಘರ್‌ನಲ್ಲಿ ಹಿಟ್ಲರನ ಹೆಸರಿಟ್ಟು ಹೋಟೆಲೊಂದು ತೆರೆದು, ಇಲ್ಲಿನ ಯಹೂದಿಗಳು ಪ್ರತಿಭಟಿಸಿದ ಮೇಲೆ ಹೆಸರು ಬದಲಿಸಿತು. ಫೋರ್ಟಿನ ಫುಟ್‌ಪಾತಿನಲ್ಲಿ ಅವನ ಆತ್ಮಕತೆ ಮ್ಯಾನೇಜ್‌ಮೆಂಟ್ ಪುಸ್ತಕಗಳ ಪಕ್ಕ ಇಂದಿಗೂ ಮಾರಾಟಕ್ಕಿದೆ. ಇಂಥ ಅಂಗಳದಿಂದ ‘ಬವಾಲ್’ ಎದ್ದು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೊರಗಿನ ದೇಶಗಳಲ್ಲಿ ಈ ನರಮೇಧದ ಮೇಲೆ ನೂರಾರು ಸಿನಿಮಾಗಳಾಗಿವೆ. ಅವುಗಳಲ್ಲಿ ಎಷ್ಟೋ ಮಗುವಿನ ಕಣ್ಣಿನಿಂದ ನೋಡುತ್ತವೆ. ನಿರ್ದೇಶಕರಿಗೆ ಇದರಿಂದ ಎರಡು ಅನುಕೂಲ. ದೊಡ್ಡವರಿಗೆ ಅಭ್ಯಾಸವಾಗಿ ಕಾಣದೇ ಹೋದದ್ದು ಮಗುವಿಗೆ ಕಾಣುತ್ತದೆ. ಬೀದಿಯಲ್ಲಿ ಬಿದ್ದ ಹೆಣವನ್ನು ದಾಟಿಕೊಂಡು ಹೋಗುವ ದೊಡ್ಡವರ ನಡುವೆ ಅದು ನಿಂತುಬಿಡುತ್ತದೆ. ಈ ಅನುಕೂಲ ಕಲೆಗೆ ಸಂಬಂಧಿಸಿದ್ದು. ಇನ್ನೊಂದು ವ್ಯಾಪಾರದ್ದು. ಮಗುವಿಗೆ ರಾಜಕೀಯ ಗೊತ್ತಿಲ್ಲ, ಆದ್ದರಿಂದ ಸಿನಿಮಾವೂ ರಾಜಕೀಯ ಹೇಳಬೇಕಾಗಿಲ್ಲ. ಯಾರು ಕೊಂದರು, ಯಾರ ಆಜ್ಞೆಯ ಮೇಲೆ ಕೊಂದರು, ಪಕ್ಕದ ಮನೆಯವರು ಏನು ಮಾಡುತ್ತಿದ್ದರು ಎಂಬ ತಂಟೆಯೇ ಇಲ್ಲ. ಮಗು ಅತ್ತರೆ ಪ್ರೇಕ್ಷಕರು ಅಳುತ್ತಾರೆ, ಟಿಕೆಟಿನ ದುಡ್ಡು ಸಂದಾಯವಾಗುತ್ತದೆ.

ಎರಡನೆಯದಕ್ಕೆ ಜಗತ್ಪ್ರಸಿದ್ಧ ಉದಾಹರಣೆ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’. ಜಾನ್ ಬಾಯ್ನ್ 2006ರಲ್ಲಿ ಬರೆದ ಕಾದಂಬರಿ, 2008ರಲ್ಲಿ ಮಾರ್ಕ್ ಹರ್ಮನ್ ಅದನ್ನು ಸಿನಿಮಾ ಮಾಡಿದರು. ನಮ್ಮ ಮುಂಬಯಿಯ ಇಂಗ್ಲಿಷ್ ಶಾಲೆಗಳ ಮಕ್ಕಳಲ್ಲಿಯೂ ಅದನ್ನು ಓದಿ, ನೋಡಿ ಅತ್ತವರಿದ್ದಾರೆ. ಶಿಬಿರದ ಅಧಿಕಾರಿಯ ಎಂಟು ವರ್ಷದ ಮಗ ಬ್ರೂನೋ ಬೇಲಿಯಾಚೆ ಕೂತ ಯಹೂದಿ ಹುಡುಗ ಶ್ಮುಯೆಲ್‌ನ ಗೆಳೆತನ ಮಾಡುತ್ತಾನೆ. ದಿನಾ ಬೇಲಿಯ ಬಳಿ ಕೂತು ಇಬ್ಬರೂ ಹರಟುತ್ತಾರೆ. ಕೊನೆಗೆ ಪಟ್ಟೆ ಬಟ್ಟೆ ತೊಟ್ಟು ಬೇಲಿಯಡಿ ನುಸುಳಿ ಒಳಗೆ ಹೋದ ಬ್ರೂನೋ ಗೆಳೆಯನ ಜತೆಗೇ ಅನಿಲ ಕೊಠಡಿ ಸೇರುತ್ತಾನೆ. ಅವನ ತಾಯಿ ಮಳೆಯಲ್ಲಿ ಕಿರುಚುತ್ತಾಳೆ. ಕಲ್ಲೆದೆಯೂ ಕರಗಬೇಕು.

ಈಗ ನಿಜಸಂಗತಿ ಕೇಳಿ. ಆಶ್‌ವಿಟ್ಸ್‌ಗೆ ಸಾಗಿಸಲ್ಪಟ್ಟ ಮಕ್ಕಳು, ಹದಿಹರೆಯದವರು ಸುಮಾರು 2 ಲಕ್ಷ 32 ಸಾವಿರ. ಅವರಲ್ಲಿ 2 ಲಕ್ಷ 16 ಸಾವಿರದಷ್ಟು ಯಹೂದಿಗಳು. ದುಡಿಮೆಗೆ ಬಾರದ ಚಿಕ್ಕ ಮಕ್ಕಳಲ್ಲಿ ಬಹುಪಾಲು ರೈಲಿನಿಂದ ಇಳಿದ ದಿನವೇ ಕೊಲೆಯಾದರು. ತಾಯಿ ಜತೆಗಿದ್ದರೆ ತಾಯಿಯನ್ನೂ ಮಗುವಿನ ಸಾಲಿಗೇ ತಳ್ಳುತ್ತಿದ್ದರು. ಬೇಲಿಗೆ ವಿದ್ಯುತ್ ಹರಿಸಿತ್ತು, ಕಾವಲು ಗೋಪುರಗಳಿದ್ದವು. ಅದರ ಬುಡದಲ್ಲಿ ಕೂತು ದಿನಾ ಹರಟೆ ಹೊಡೆಯುವ ಎಂಟರ ಹುಡುಗ ಎಂಬವನು ಇರುವುದು ಸಾಧ್ಯವೇ ಇರಲಿಲ್ಲ. ಇನ್ನು ಬ್ರೂನೋ. ಹಿಟ್ಲರನ ಜರ್ಮನಿಯಲ್ಲಿ ಶಾಲೆಗೆ ಹೋದ ಎಂಟರ ಹುಡುಗನಿಗೆ ಯಹೂದಿ ಎಂದರೆ ಯಾರೆಂದು ಗೊತ್ತಿಲ್ಲದಿರಲು ಹೇಗೆ ಸಾಧ್ಯ? ಯಹೂದಿಯನ್ನು ವಿಷದ ಅಣಬೆಗೆ ಹೋಲಿಸುವ ಬಣ್ಣದ ಚಿತ್ರಪುಸ್ತಕವನ್ನು ಆ ಸರ್ಕಾರದ ಬಾಲಬಡುಕರು 1938ರಲ್ಲೇ ಮಕ್ಕಳಿಗೆಂದು ಅಚ್ಚು ಹಾಕಿಸಿದ್ದರು. ಬ್ರೂನೋನ ಮುಗ್ಧತೆ ಲೇಖಕ ಅವನಿಗೆ ಬಲವಂತವಾಗಿ ತೊಡಿಸಿದ ಅಂಗಿ. ಪರಿಣಾಮ ಏನಾಯಿತೆಂದರೆ, ಚಿತ್ರದ ಕೊನೆಯಲ್ಲಿ ನಮ್ಮ ಕಣ್ಣೀರು ಹರಿಯುವುದು ಆಕಸ್ಮಿಕವಾಗಿ ಸತ್ತ ಅಧಿಕಾರಿಯ ಮಗನಿಗೆ. ಶ್ಮುಯೆಲ್ ಅವನ ಪಕ್ಕದಲ್ಲಿ ಇದ್ದ, ಅಷ್ಟೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇಂಗ್ಲೆಂಡಿನ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ತಿಳಿವಳಿಕೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಕತೆ ಬಹಳ ಮಕ್ಕಳಿಗೆ ಗೊತ್ತಿತ್ತು; ಜತೆಗೆ ಎಲ್ಲವೂ ಹಿಟ್ಲರ್ ಒಬ್ಬನ ಕೆಲಸ, ಉಳಿದ ಜರ್ಮನರಿಗೆ ಸುದ್ದಿಯೇ ಇರಲಿಲ್ಲ ಎಂಬ ನಂಬಿಕೆಯೂ ಹಲವರಲ್ಲಿ ಇತ್ತು. 2020ರ ಜನವರಿಯಲ್ಲಿ ಆಶ್‌ವಿಟ್ಸ್ ವಸ್ತುಸಂಗ್ರಹಾಲಯವೇ, ಈ ಇತಿಹಾಸ ಕಲಿಯುವವರೂ ಕಲಿಸುವವರೂ ಆ ಪುಸ್ತಕದಿಂದ ದೂರವಿರುವುದು ಒಳ್ಳೆಯದೆಂದು ಬಹಿರಂಗವಾಗಿ ಹೇಳಿತು.

ಅದೇ ಗೋಡೆ, ಅದೇ ಅಧಿಕಾರಿಯ ಮನೆ, ಅದೇ ಮಕ್ಕಳು ಇನ್ನೊಬ್ಬ ನಿರ್ದೇಶಕನ ಕೈಗೆ ಸಿಕ್ಕರೆ ಏನಾಗುತ್ತದೆಂದು ನೋಡಬೇಕಾದರೆ ಜೊನಾಥನ್ ಗ್ಲೇಜರ್‌ನ ‘ದಿ ಜೋನ್ ಆಫ್ ಇಂಟರೆಸ್ಟ್’ (2023) ನೋಡಿ. ಅಲ್ಲಿರುವುದು ಆಶ್‌ವಿಟ್ಸ್‌ನ ನಿಜವಾದ ಅಧಿಕಾರಿ ರುಡಾಲ್ಫ್ ಹ್ಯೋಸ್‌ನ ಸಂಸಾರ. ಗೋಡೆಯಾಚೆ ಏನು ನಡೆಯುತ್ತಿದೆ ಎಂಬುದನ್ನು ಕ್ಯಾಮೆರಾ ತೋರಿಸುವುದೇ ಇಲ್ಲ, ಸದ್ದು ಮಾತ್ರ ಕೇಳುತ್ತದೆ. ರಾತ್ರಿ ಹಾಸಿಗೆಯಲ್ಲಿ ದೊಡ್ಡ ಮಗ ಟಾರ್ಚು ಬಿಟ್ಟುಕೊಂಡು ಹಲ್ಲುಗಳನ್ನು ಇಟ್ಟುಕೊಂಡು ಆಡುತ್ತಿರುತ್ತಾನೆ. ಯಾರ ಹಲ್ಲೆಂದು ಯಾರೂ ವಿವರಿಸುವುದಿಲ್ಲ. ಕಿರಿಯವನು ಕಿಟಕಿಯಾಚೆ ಕೈದಿಯೊಬ್ಬನಿಗೆ ಶಿಕ್ಷೆಯಾಗುವುದನ್ನು ಕೇಳಿಸಿಕೊಂಡು, ಇನ್ನೊಮ್ಮೆ ಹಾಗೆ ಮಾಡಬೇಡ ಎಂದು ತನ್ನಷ್ಟಕ್ಕೆ ಗದರುತ್ತಾನೆ. ಗದರಿದ್ದು ಕಾವಲುಗಾರನನ್ನಲ್ಲ, ಕೈದಿಯನ್ನು. ಕೊಲೆಗಾರರ ಮನೆಯಲ್ಲಿ ಬೆಳೆಯುವ ಮಗು ಏನಾಗುತ್ತದೆ ಎಂಬುದಕ್ಕೆ ಆ ಒಂದು ಮಾತು ಸಾಕು.

ಇದಕ್ಕಿಂತ ಮೊದಲಿನದು, ನನ್ನ ಮಟ್ಟಿಗೆ ಈ ಬಗೆಯ ಚಿತ್ರಗಳಲ್ಲೆಲ್ಲ ಮೇಲಿನದು, ಲೂಯಿ ಮಾಲ್‌ನ ‘ಓ ರವ್ವಾರ್ ಲೇ ಜಾಂಫಾಂ’ (1987). ಮಾಲ್ ಹನ್ನೊಂದು ವರ್ಷದವನಿದ್ದಾಗ, 1944ರ ಜನವರಿಯಲ್ಲಿ, ಪ್ಯಾರಿಸ್ ಸಮೀಪದ ಆವೊನ್‌ನ ತನ್ನ ಶಾಲೆಯಲ್ಲಿ ಕಣ್ಣಾರೆ ಕಂಡದ್ದು. ಪಾದ್ರಿಯೊಬ್ಬರು ಸುಳ್ಳು ಹೆಸರಿನಲ್ಲಿ ಅಡಗಿಸಿಟ್ಟಿದ್ದ ಮೂವರು ಯಹೂದಿ ಹುಡುಗರನ್ನು ಗೆಸ್ಟಾಪೋ ಬಂದು ಎಳೆದೊಯ್ದಿತು. ಹುಡುಗರು ಆಶ್‌ವಿಟ್ಸ್‌ನಿಂದ ಮರಳಲಿಲ್ಲ. ಚಿತ್ರದಲ್ಲಿ ಗೆಸ್ಟಾಪೋದವನು ತರಗತಿಗೆ ಬಂದು ಹೆಸರು ಕೇಳಿದಾಗ ಜೂಲಿಯೆನ್ ಎಂಬ ಹುಡುಗ ಒಂದು ಕ್ಷಣ ಗೆಳೆಯನತ್ತ ತಿರುಗಿ ನೋಡುತ್ತಾನೆ. ಅಷ್ಟರಿಂದಲೇ ಗೆಳೆಯ ಸಿಕ್ಕಿಬೀಳುತ್ತಾನೆ. ಮಗುವಿನ ನೋಟವನ್ನು ಪರಿಶುದ್ಧ ಎಂದು ಪೂಜಿಸುವವರಿಗೆ ಈ ದೃಶ್ಯ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ಇಲ್ಲಿ ನೋಟವೇ ದ್ರೋಹವಾಗಿದೆ. ಮಗು ಬೇಕೆಂದು ಮಾಡಿದ್ದಲ್ಲ, ಆದರೂ ಮಾಡಿದ್ದು ಹೌದು. ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಆಮೇಲೆ ಮಾಲ್ ಈ ಚಿತ್ರ ಮಾಡಿದ.

ಕನ್ನಡದವರಿಗೆ ಈ ಜಾಗ ಹೊಸದೇನಲ್ಲ. ಗಿರೀಶ ಕಾಸರವಳ್ಳಿ 1977ರಲ್ಲೇ, ಅನಂತಮೂರ್ತಿಯವರ ಕತೆಯನ್ನಾಧರಿಸಿದ ‘ಘಟಶ್ರಾದ್ಧ’ದಲ್ಲಿ ನಾಣಿಯನ್ನು ನಿಲ್ಲಿಸಿದ್ದು ಇಂಥದೇ ಜಾಗದಲ್ಲಿ. ವೇದಪಾಠಕ್ಕೆ ಬಂದ ಹುಡುಗ ವಿಧವೆ ಯಮುನಕ್ಕನ ಅಕ್ಕರೆಗೆ ಅಂಟಿಕೊಳ್ಳುತ್ತಾನೆ. ಅವಳು ಬಸುರಾದದ್ದು, ಊರು ಪಿಸುಗುಡುವುದು, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುವುದು, ಇವೆಲ್ಲ ನಾಣಿಗೆ ಅರ್ಧ ಅರ್ಥವಾಗುತ್ತವೆ. ಅವನಿಗೆ ಅರ್ಥವಾಗದ ಅರ್ಧವನ್ನು ಕಾಸರವಳ್ಳಿ ನಮಗೆ ಬಿಟ್ಟುಕೊಡುವುದಿಲ್ಲ ಎಂದಲ್ಲ. ಅಗ್ರಹಾರದ ಲೆಕ್ಕಾಚಾರ, ಮಠದ ಅಧಿಕಾರ, ಗಂಡಸರ ಪಲಾಯನ ಎಲ್ಲವೂ ಚೌಕಟ್ಟಿನೊಳಗೇ ಇವೆ. ಹುಡುಗನಿಗೆ ತಿಳಿಯದ್ದು ಸಿನಿಮಾಕ್ಕೆ ತಿಳಿದಿದೆ. ತಲೆ ಬೋಳಿಸಿಕೊಂಡ ಯಮುನಕ್ಕ ಒಂಟಿಯಾಗಿ ಉಳಿಯುತ್ತಾಳೆ, ನಾಣಿ ತಂದೆಯ ಜತೆ ಹೊರಟುಹೋಗುತ್ತಾನೆ. ಅವನು ಅವಳನ್ನು ಉಳಿಸಲಾರ, ಸಿನಿಮಾ ಹಾಗೆಂದು ಸುಳ್ಳು ಹೇಳುವುದೂ ಇಲ್ಲ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಜೋಡಿಸಿ ಜೀರ್ಣೋದ್ಧಾರ ಮಾಡಿದ ಈ ಚಿತ್ರದ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಒಬ್ಬ ವಿಧವೆಯ ಬಹಿಷ್ಕಾರವನ್ನೂ ಒಂದು ಜನಾಂಗದ ಸಂಹಾರವನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಒಬ್ಬರನ್ನು ಮನುಷ್ಯರ ಲೆಕ್ಕದಿಂದ ಕಳೆಯುವ ಕೆಲಸಕ್ಕೆ ಒಂದಿಡೀ ಊರು ಹೇಗೆ ಸಜ್ಜಾಗುತ್ತದೆ ಎಂಬುದನ್ನು ಮಗುವಿನ ಎತ್ತರದಲ್ಲಿ ನಿಂತು ತೋರಿಸುವ ವಿದ್ಯೆ ಎರಡು ಕಡೆಯೂ ಒಂದೇ.

ವಾರ್ಸಾ ನಗರದ ಯಹೂದಿ ಕೇರಿಯ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ಸುತ್ತಿಬಳಸಿ ನಮ್ಮ ಮುಂಬಯಿಗೇ ಬರುತ್ತದೆ. ಡಾಕ್ಟರ್ ಯಾನುಷ್ ಕೊರ್ಚಾಕ್ ಅಲ್ಲಿ ಅನಾಥಾಲಯ ನಡೆಸುತ್ತಿದ್ದರು. 1942ರ ಜುಲೈ 18ರಂದು ಅವರ ಮಕ್ಕಳು ಆಡಿದ ನಾಟಕ ರವೀಂದ್ರನಾಥ ಠಾಕೂರರ ‘ಡಾಕ್ ಘರ್’. ಕಿಟಕಿಯ ಬಳಿ ಕೂತು ರಾಜನ ಕಾಗದಕ್ಕಾಗಿ ಕಾಯುವ ಕಾಯಿಲೆಯ ಹುಡುಗ ಅಮಲ್‌ನ ಕತೆ. ಈ ನಾಟಕವೇ ಯಾಕೆ ಎಂದು ಕೇಳಿದವರಿಗೆ, ಸಾವನ್ನು ನೆಮ್ಮದಿಯಿಂದ ಎದುರುಗೊಳ್ಳಲು ಮಕ್ಕಳು ಕಲಿಯಬೇಕಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ಮೂರು ವಾರ ಕಳೆಯುವುದರೊಳಗೆ, ಆಗಸ್ಟ್ ಮೊದಲ ವಾರದಲ್ಲಿ, ಸುಮಾರು 200 ಮಕ್ಕಳನ್ನೂ ಅವರ ಜತೆ ಕೊರ್ಚಾಕ್‌ರನ್ನೂ ರೈಲಿಗೆ ತುಂಬಿ ಟ್ರೆಬ್ಲಿಂಕಾಕ್ಕೆ ಕಳಿಸಿದರು. ಅದೇ ‘ಡಾಕ್ ಘರ್’ ಅನ್ನು ಮುಂಬಯಿಯಲ್ಲಿ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ 1965ರಲ್ಲಿ ಸಿನಿಮಾ ಮಾಡಿತು. ನಿರ್ದೇಶನ ಜೂಲ್ ವೆಲ್ಲಾನಿಯವರದು. ಮುಂದೆ ಮರಾಠಿ, ಹಿಂದಿಯಲ್ಲಿ ಹೆಸರು ಮಾಡಿದ ಸಚಿನ್ ಬಾಲನಟನಾಗಿ ಅಮಲ್‌ನ ಪಾತ್ರ ಮಾಡಿದ. ಆ ನಾಟಕ ವಾರ್ಸಾದಲ್ಲಿ ಏನನ್ನು ಕಂಡಿತ್ತೆಂದು ನಮ್ಮ ಶಾಲೆಗಳಲ್ಲಿ ಯಾರಾದರೂ ಹೇಳಿದ್ದುಂಟೆ?

ಕೊರ್ಚಾಕ್ ಮೇಲೆ ಪೋಲೆಂಡಿನ ಆಂದ್ರೇ ವಾಯ್ದಾ 1990ರಲ್ಲಿ ಸಿನಿಮಾ ಮಾಡಿದಾಗ ಗದ್ದಲವಾಯಿತು. ಕೊನೆಯ ದೃಶ್ಯದಲ್ಲಿ ರೈಲಿನ ಡಬ್ಬಿ ಕಳಚಿಕೊಂಡು, ಮಂಜಿನ ಬಯಲಿಗೆ ಮಕ್ಕಳು ಬಾವುಟ ಹಿಡಿದು ಹಾರಿ ಇಳಿಯುತ್ತಾರೆ. ಸತ್ತದ್ದನ್ನು ತೋರಿಸಲಾರದ ನಿರ್ದೇಶಕನ ಸಂಕಟ ಅದು ಎಂದು ಕೆಲವರು ಅಂದರು; ಸತ್ತ ಮಕ್ಕಳನ್ನು ಕನಸಿನಲ್ಲಿ ಬದುಕಿಸಿ ಪ್ರೇಕ್ಷಕರಿಗೆ ಸಮಾಧಾನ ಹೇಳುವುದು ಮೋಸ ಎಂದು ಫ್ರಾನ್ಸಿನವರು ಜಗಳಕ್ಕೆ ನಿಂತರು. ನನಗೆ ಎರಡನೆಯ ಪಕ್ಷವೇ ಸರಿ ಎನಿಸುತ್ತದೆ. ಬೆನಿಗ್ನಿಯ ‘ಲೈಫ್ ಈಸ್ ಬ್ಯೂಟಿಫುಲ್’ (1997) ಬಗ್ಗೆಯೂ ಇದೇ ತಕರಾರು. ಶಿಬಿರವೆಲ್ಲ ಒಂದು ಆಟ, ಸಾವಿರ ಅಂಕ ಗಳಿಸಿದರೆ ಟ್ಯಾಂಕ್ ಬಹುಮಾನ ಎಂದು ಅಪ್ಪ ಮಗನನ್ನು ನಂಬಿಸುತ್ತಾನೆ. ಅಪ್ಪ ಮಗನಿಗೆ ಹೇಳುವ ಸುಳ್ಳು ಸುಂದರವಾಗಿದೆ. ಸಿನಿಮಾ ನಮಗೂ ಅದೇ ಸುಳ್ಳು ಹೇಳಲು ಹೊರಟಾಗ ಮುಜುಗರವಾಗುತ್ತದೆ. ಆದರೂ ಅಲ್ಲಿ ಅಪ್ಪ ಸಾಯುತ್ತಾನೆ, ಆಟದ ಬೆಲೆ ಏನೆಂದು ನಮಗೆ ಗೊತ್ತಾಗುತ್ತದೆ. ಆ ಮಟ್ಟಿಗೆ ಅದು ಪೈಜಾಮಾ ಹುಡುಗನಿಗಿಂತ ಮೇಲು.

ಇನ್ನು ಮುಂಬಯಿಯ ಸ್ವಂತ ಗಾಯ. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬ್ರಿ ಮಸೀದಿ ಬಿತ್ತು. ಆ ಡಿಸೆಂಬರ್ ಮತ್ತು ಮರುವರ್ಷದ ಜನವರಿಯಲ್ಲಿ ಈ ಊರು ಎರಡು ಸಲ ಹೊತ್ತಿತು. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ ಸತ್ತವರು 900: ಮುಸ್ಲಿಮರು 575, ಹಿಂದೂಗಳು 275, ಇತರರು ಐವರು, ಉಳಿದ 45 ಮಂದಿ ಯಾರೆಂದೇ ತಿಳಿಯಲಿಲ್ಲ. ಜೋಗೇಶ್ವರಿಯ ರಾಧಾಬಾಯಿ ಚಾಳಿನಲ್ಲಿ ಹಿಂದೂ ಕುಟುಂಬವನ್ನು ಹೊರಗಿಂದ ಚಿಲಕ ಹಾಕಿ ಸುಟ್ಟರು. ಸುಲೇಮಾನ್ ಉಸ್ಮಾನ್ ಬೇಕರಿಯಲ್ಲಿ ಪೊಲೀಸರ ಗುಂಡಿಗೆ ಮುಸ್ಲಿಮರು ಬಲಿಯಾದರು. ಸಾವಿರಾರು ಜನ ಸಿಕ್ಕ ರೈಲು ಹತ್ತಿ ಊರು ಬಿಟ್ಟರು. ಇದು ಆಶ್‌ವಿಟ್ಸ್ ಅಲ್ಲ. ಇಲ್ಲಿ ಒಂದು ಜನಾಂಗವನ್ನು ಕಾರ್ಖಾನೆಯ ಶಿಸ್ತಿನಲ್ಲಿ ಅಳಿಸುವ ಸರ್ಕಾರಿ ಯೋಜನೆ ಇರಲಿಲ್ಲ. ಹಾಗೆ ಹೋಲಿಸಿದರೆ ಎರಡಕ್ಕೂ ಅನ್ಯಾಯ. ಆದರೆ ಈ ಊರಿನ ಮಕ್ಕಳು ಹೆಸರು ಹೇಳಲು ಹೆದರುವುದನ್ನು ಕಲಿತದ್ದು ಆ ಎರಡು ತಿಂಗಳಲ್ಲಿ. ಅದರ ಮೇಲೆ 1995ರಲ್ಲಿ ಎರಡು ಚಿತ್ರಗಳು ಬಂದವು. ಒಂದನ್ನು ದೇಶವೆಲ್ಲ ನೋಡಿತು, ಇನ್ನೊಂದನ್ನು ಹೆಚ್ಚಿನವರು ನೋಡಲೇ ಇಲ್ಲ.

ದೇಶವೆಲ್ಲ ನೋಡಿದ್ದು ಮಣಿರತ್ನಂ ಅವರ ‘ಬಾಂಬೆ’. ಮೊದಲಿಗೆ ಅವರ ಮನಸ್ಸಿನಲ್ಲಿದ್ದದ್ದು ಗಲಭೆಯಲ್ಲಿ ಕಳೆದುಹೋದ ಒಬ್ಬ ಹುಡುಗನ ಬಗ್ಗೆ ಮಲಯಾಳಂನಲ್ಲಿ ಚಿಕ್ಕ ಸಿನಿಮಾ. ಆ ಚಿಕ್ಕ ಸಿನಿಮಾ ಆಗಿದ್ದರೆ ಇಂದು ಬೇರೆ ಮಾತು ಆಡುತ್ತಿದ್ದೆವೇನೋ. ಆದದ್ದು ಅರವಿಂದ ಸ್ವಾಮಿ, ಮನೀಷಾ ಕೊಯಿರಾಲಾ ಪ್ರೇಮಕತೆ, ರೆಹಮಾನ್ ಸಂಗೀತ, ನಮ್ಮ ಕಾಸರಗೋಡಿನ ಬೇಕಲ ಕೋಟೆಯಲ್ಲಿ ಮಳೆಯ ಹಾಡು. ಮಕ್ಕಳು ಬರುವುದು ಆಮೇಲೆ: ಹಿಂದೂ ತಂದೆ, ಮುಸ್ಲಿಂ ತಾಯಿಯ ಅವಳಿ ಗಂಡುಮಕ್ಕಳು, ಇಬ್ಬರ ಹೆಸರಲ್ಲೂ ಎರಡು ಧರ್ಮ. ಅವರ ಮೈಮೇಲೆ ಸೀಮೆಎಣ್ಣೆ ಸುರಿದು, ನೀನು ಹಿಂದೂನೋ ಮುಸ್ಲಿಮನೋ ಎಂದು ಗುಂಪು ಕೇಳುವ ದೃಶ್ಯವಿದೆ. ಹಿಂದಿ, ತಮಿಳು ಸಿನಿಮಾದಲ್ಲಿ ಅಷ್ಟು ನೇರವಾಗಿ ಆ ಪ್ರಶ್ನೆ ಮಗುವಿನ ಬಾಯಿಗೆ ಹಿಡಿದದ್ದು ಅಪರೂಪ. ಮಕ್ಕಳಿಗೆ ಉತ್ತರ ಗೊತ್ತಿಲ್ಲ, ಏಕೆಂದರೆ ಅವರ ಮನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಆ ದೃಶ್ಯಕ್ಕೆ ನನ್ನ ನಮಸ್ಕಾರ. ಆಮೇಲೆ ಬೇರ್ಪಟ್ಟ ಅವಳಿಗಳು ಹೊತ್ತಿ ಉರಿಯುವ ಬೀದಿಗಳಲ್ಲಿ ಅಲೆಯುತ್ತಾರೆ, ಒಬ್ಬನನ್ನು ಹಿಜಡಾ ಒಬ್ಬಳು ಕಾಪಾಡುತ್ತಾಳೆ, ಕೊನೆಗೆ ಎಲ್ಲರೂ ಕೈ ಕೈ ಹಿಡಿದು ಮಾನವ ಸರಪಳಿಯಾಗುತ್ತಾರೆ. ಈರುಳ್ಳಿ ಹೆಚ್ಚಿದಂತೆ ಕಣ್ಣೀರು ಬರುತ್ತದೆ, ಕೈ ತೊಳೆದುಕೊಂಡರೆ ಹೋಗುತ್ತದೆ. ಬೆಂಕಿ ಹಚ್ಚಿದವರು ಯಾರು, ಪೊಲೀಸರು ಎಲ್ಲಿದ್ದರು, ಸುದ್ದಿಪತ್ರಿಕೆಗಳು ಏನು ಬರೆದವು ಎಂಬುದೆಲ್ಲ ಎರಡೂ ಕಡೆಯ ತಪ್ಪು ಎಂಬ ಸಮತೂಕದಲ್ಲಿ ಕರಗುತ್ತದೆ. ಮಕ್ಕಳು ಸಿಕ್ಕರಲ್ಲ, ಗಲಭೆ ಮುಗಿಯಿತು.

ಇನ್ನೊಂದು ಸಯೀದ್ ಅಖ್ತರ್ ಮಿರ್ಜಾ ಅವರ ‘ನಸೀಮ್’. ಎನ್‌ಎಫ್‌ಡಿಸಿ ದುಡ್ಡಿನಲ್ಲಿ ಆದ ಒಂದೂವರೆ ಗಂಟೆಯ ಚಿತ್ರ. 1992ರ ಜೂನ್‌ನಿಂದ ಡಿಸೆಂಬರ್‌ವರೆಗೆ, ಮುಂಬಯಿಯ ಒಂದು ಮಧ್ಯಮವರ್ಗದ ಮುಸ್ಲಿಂ ಮನೆ. ನಸೀಮ್ ಶಾಲೆಗೆ ಹೋಗುವ ಹುಡುಗಿ. ಮಯೂರಿ ಕಾಂಗೋ ಆ ಪಾತ್ರದಲ್ಲಿದ್ದಾರೆ. ಹಾಸಿಗೆ ಹಿಡಿದ ಅಜ್ಜನಾಗಿ ಕವಿ ಕೈಫಿ ಆಜ್ಮಿ. ನಿಜ ಜೀವನದಲ್ಲೂ 1973ರಿಂದ ಪಾರ್ಶ್ವವಾಯುವಿನಿಂದ ಬಳಲಿದವರು. ಹಾಗಾಗಿ ಆ ಹಾಸಿಗೆ, ಆ ನಿಧಾನ ಮಾತು ನಟನೆಯಂತೆ ತೋರುವುದೇ ಇಲ್ಲ. ಅಪ್ಪ ಕುಲಭೂಷಣ್ ಖರಬಂದಾ, ಅಮ್ಮ ಸುರೇಖಾ ಸೀಕ್ರಿ. ಅಣ್ಣನ ಗೆಳೆಯ, ಸಿಟ್ಟಿನ ತರುಣ ಜಫರ್ ಆಗಿ ಆಗಿನ್ನೂ ಯಾರಿಗೂ ಪರಿಚಯವಿರದ ಕೇಕೇ ಮೆನನ್.

ಚಿತ್ರದಲ್ಲಿ ಒಂದು ಗಲಭೆಯೂ ಇಲ್ಲ. ಒಂದು ಹೆಣ ಬೀಳುವುದಿಲ್ಲ, ಒಂದು ಅಂಗಡಿ ಸುಡುವುದಿಲ್ಲ. ಶಾಲೆ ಮುಗಿಸಿ ಬಂದ ಮೊಮ್ಮಗಳು ಅಜ್ಜನ ಹಾಸಿಗೆಯ ಬಳಿ ಕೂರುತ್ತಾಳೆ, ಅವರು ಆಗ್ರಾದ ಹಳೆಯ ದಿನಗಳ ಕತೆ ಹೇಳುತ್ತಾರೆ. ದೇಶ ಒಡೆದಾಗ ಪಾಕಿಸ್ತಾನಕ್ಕೆ ಏಕೆ ಹೋಗಲಿಲ್ಲ ಎಂಬ ಮಗನ ಪ್ರಶ್ನೆಗೆ, ಮನೆಯ ಮುಂದಿನ ಮರ ನಿನ್ನಮ್ಮನಿಗೆ ಇಷ್ಟವಾಗಿತ್ತು ಎಂಬುದು ಅಜ್ಜನ ಉತ್ತರ. ನಡುಮನೆಯಲ್ಲಿ ಟಿ.ವಿ. ಉರಿಯುತ್ತಿರುತ್ತದೆ. ವಾರ್ತೆಯಲ್ಲಿ ಅಯೋಧ್ಯೆ. ಮೊದಲು ಯಾರೂ ಗಮನ ಕೊಡುವುದಿಲ್ಲ. ಒಂದೊಂದೇ ತಿಂಗಳು ಉರುಳಿದಂತೆ ಮನೆಯವರ ಮಾತು ಕಡಿಮೆಯಾಗಿ ಟಿ.ವಿ.ಯ ದನಿ ದೊಡ್ಡದಾಗುತ್ತದೆ. ನೆರೆಯವರ ಮಾತಿನ ಧಾಟಿ ತುಸು ಬದಲಾಗುತ್ತದೆ. ಜಫರ್ ಬಂದಾಗಲೆಲ್ಲ ಕೋಣೆಯ ಗಾಳಿ ಬಿಗಿಯುತ್ತದೆ. ನಸೀಮ್ ಇದೆಲ್ಲವನ್ನೂ ಗಮನಿಸುತ್ತಾಳೆ, ಆದರೆ ಏನನ್ನೂ ವ್ಯಾಖ್ಯಾನಿಸುವುದಿಲ್ಲ. ಅಜ್ಜ ತೀರಿಕೊಳ್ಳುವುದು ಡಿಸೆಂಬರ್ 6ರಂದು.

ಮಿರ್ಜಾ ಆ ವಯಸ್ಸಿನ ಹುಡುಗಿಯನ್ನೇ ಆರಿಸಿಕೊಂಡದ್ದು ನನಗೆ ಈ ಚಿತ್ರದ ಜಾಣತನದಲ್ಲೆಲ್ಲ ದೊಡ್ಡದೆನಿಸುತ್ತದೆ. ಐದು ವರ್ಷದ ಮಗುವಾಗಿದ್ದರೆ ಅದು ಹೆದರಿ ಅಳಬಹುದಿತ್ತು, ಅಷ್ಟೆ. ಇಪ್ಪತ್ತರವಳಾಗಿದ್ದರೆ ಜಫರ್‌ನಂತೆ ವಾದಕ್ಕಿಳಿಯುತ್ತಿದ್ದಳು. ನಸೀಮ್ ಎರಡರ ನಡುವೆ ಇದ್ದಾಳೆ. ಹಿರಿಯರು ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆಂದು ಅವಳಿಗೆ ಗೊತ್ತಾಗುತ್ತದೆ. ಏನನ್ನು ಎಂಬುದು ಆರು ತಿಂಗಳಲ್ಲಿ ತಾನಾಗಿ ಗೊತ್ತಾಗುತ್ತದೆ. ಗಲಭೆ ಎಂದರೆ ಬೆಂಕಿ ಹತ್ತಿದ ದಿನ ಎಂದು ‘ಬಾಂಬೆ’ ಹೇಳಿದರೆ, ಬೆಂಕಿಗೆ ಮೊದಲಿನ ಆರು ತಿಂಗಳೇ ಅಪರಾಧ ನಡೆದ ಸಮಯ ಎಂದು ‘ನಸೀಮ್’ ಹೇಳುತ್ತದೆ. ಯೂರೋಪಿನ ಇತಿಹಾಸಕಾರರು ನಾತ್ಸಿ ನರಮೇಧದ ಬಗ್ಗೆ ಹೇಳುತ್ತ ಬಂದದ್ದೂ ಇದನ್ನೇ. ಅನಿಲ ಕೊಠಡಿ ಕಟ್ಟುವ ಮುಂಚೆ ವರ್ಷಗಟ್ಟಲೆ ಕಾನೂನು, ಪತ್ರಿಕೆ, ಶಾಲೆ, ಅಂಗಡಿ ಫಲಕಗಳು ಕೆಲಸ ಮಾಡಿದ್ದವು. ಪಾರ್ಕಿನ ಬೆಂಚಿನ ಮೇಲೆ ಯಹೂದಿ ಕೂರಕೂಡದೆಂದು ಬರೆದಿದ್ದರು. ಅದನ್ನೆಲ್ಲ ಹತ್ತಿರದಿಂದ ಕಂಡವರು ಮಕ್ಕಳು, ಏಕೆಂದರೆ ಅವರನ್ನು ಶಾಲೆಯಿಂದ, ಈಜುಕೊಳದಿಂದ, ಆಟದ ಮೈದಾನದಿಂದ ಹೊರಗೆ ಹಾಕಿದ್ದರು.

‘ನಸೀಮ್’ಗೆ ನಿರ್ದೇಶನ, ಚಿತ್ರಕತೆ ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಮಿರ್ಜಾ ಆಮೇಲೆ ಬಹಳ ವರ್ಷ ಕತೆಚಿತ್ರದ ಗೊಡವೆಗೇ ಹೋಗಲಿಲ್ಲ. ಪ್ರಶಸ್ತಿ ಬಂದ ಚಿತ್ರ ನೋಡಿದವರಿಗಿಂತ ಪ್ರಶಸ್ತಿಯ ಸುದ್ದಿ ಓದಿದವರೇ ಹೆಚ್ಚು ಎಂಬ ನಮ್ಮ ಹಳೆಯ ಕತೆ ಇಲ್ಲೂ ನಡೆಯಿತು.

ಕೊಲಾಬಾದ ಯಹೂದಿ ಕೇಂದ್ರವಾದ ನರಿಮನ್ ಹೌಸ್ ಹೆಸರೆತ್ತದೆ ಈ ಊರಿನಲ್ಲಿ ಯಹೂದಿ ಮಗುವಿನ ಮಾತು ಮುಗಿಸುವುದು ಸರಿಯಲ್ಲ. 2008ರ ನವೆಂಬರ್ 26ರ ದಾಳಿಯಲ್ಲಿ ಅಲ್ಲಿ ಆರು ಮಂದಿ ಸತ್ತರು. ಸತ್ತ ತಂದೆತಾಯಿಯರ ಎರಡು ವರ್ಷದ ಮಗುವನ್ನು ಅದನ್ನು ನೋಡಿಕೊಳ್ಳುತ್ತಿದ್ದ ದಾದಿ ಎತ್ತಿಕೊಂಡು ಹೊರಗೆ ಓಡಿದಳು. ‘ಹೋಟೆಲ್ ಮುಂಬಯಿ’ (2018) ಚಿತ್ರದಲ್ಲಿ ತಾಜ್ ಹೋಟೆಲಿನ ಕೋಣೆಯಲ್ಲಿ ದಾದಿಯೊಬ್ಬಳು ಕೂಸನ್ನು ಹಿಡಿದು ಅಡಗಿ ಕೂರುತ್ತಾಳೆ. ಕೂಸು ಎಲ್ಲಿ ಅತ್ತುಬಿಡುತ್ತದೋ ಎಂಬುದೇ ಅಲ್ಲಿನ ಸಸ್ಪೆನ್ಸ್. ನಿಜವಾದ ಮಗುವಿನ ದುಃಖವನ್ನು ಬೇರೆ ಕಟ್ಟಡಕ್ಕೆ ಸಾಗಿಸಿ ರೋಮಾಂಚನ ಮಾಡಿಕೊಂಡಂತೆ ನನಗೆ ತೋರಿತು. ಆ ಮಗು ಈಗ ಬೆಳೆದು ದೊಡ್ಡವನಾಗಿದ್ದಾನೆ. ತಾನು ಕಂಡದ್ದನ್ನು ಹೇಳುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ಸಿನಿಮಾದವರು ಅವನನ್ನು ಅವನ ಪಾಡಿಗೆ ಬಿಟ್ಟರೆ ಒಳ್ಳೆಯದು.

ಮುಂಬಯಿ ಸಿನಿಮಾಕ್ಕೆ ಮಗುವಿನ ಎತ್ತರದಲ್ಲಿ ನಿಲ್ಲಲು ಬಾರದು ಎಂದು ನಾನು ಹೇಳುತ್ತಿಲ್ಲ. 1954ರ ‘ಬೂಟ್ ಪಾಲಿಶ್’ ಇದೆ, 1988ರ ‘ಸಲಾಂ ಬಾಂಬೆ’ ಇದೆ. ‘ಬೂಟ್ ಪಾಲಿಶ್’ನಲ್ಲಿ ಬೀದಿಮಕ್ಕಳಿಗೆ ಆಸರೆಯಾದ ಜಾನ್ ಚಾಚಾ ಪಾತ್ರ ಮಾಡಿದ ಡೇವಿಡ್ ಈ ಊರಿನ ಬೆನೆ ಇಸ್ರೇಲ್ ಯಹೂದಿ ಸಮುದಾಯದವರು. ಹಸಿವಿನ ವಿಷಯದಲ್ಲಿ ನಮ್ಮವರು ಮಗುವಿನ ಕಣ್ಣನ್ನು ನಂಬುತ್ತಾರೆ. ಕೋಮು ದ್ವೇಷದ ವಿಷಯ ಬಂದಾಗ ಮಾತ್ರ ಆ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ.

ಆದ್ದರಿಂದ ಮಾಟುಂಗದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಶನ್, ಉಪನಗರಗಳ ಕನ್ನಡ ಸಂಘಗಳು, ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಶಿಕ್ಷಕರು, ಎಲ್ಲರಲ್ಲೂ ಒಂದು ಕೋರಿಕೆ. ನಾಟಕ, ಯಕ್ಷಗಾನಗಳಿಗೆ ಸಭಾಂಗಣ ತುಂಬಿಸುವವರು ನೀವು. ವರ್ಷಕ್ಕೊಂದು ಶನಿವಾರ ಮಧ್ಯಾಹ್ನ ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಕೂರಿಸಿ ‘ನಸೀಮ್’ ತೋರಿಸಿ. ಇನ್ನೊಂದು ವರ್ಷ ‘ಘಟಶ್ರಾದ್ಧ’, ಆಮೇಲೆ ಮಾಲ್‌ನ ಚಿತ್ರ. ಹನ್ನೆರಡು ತುಂಬದ ಮಕ್ಕಳನ್ನು ಕರೆತರಬೇಡಿ, ಅವರಿಗೆ ‘ಡಾಕ್ ಘರ್’ ಸಾಕು. ಚಿತ್ರಕ್ಕೆ ಮೊದಲು ಅರ್ಧ ಗಂಟೆ ಇಸವಿ, ಹೆಸರು, ಸಂಖ್ಯೆ ಸಹಿತ ಇತಿಹಾಸ ಹೇಳಬಲ್ಲ ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿಕೊಳ್ಳಿ. ಚಿತ್ರ ಮುಗಿದ ಮೇಲೆ ಅತಿಥಿಗಳ ಭಾಷಣ, ಶಾಲು, ಹಾರ ಬೇಡ. ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಡಿ, ಗಲಭೆಯಲ್ಲಿ ನೀವೆಲ್ಲಿದ್ದಿರಿ ಎಂದು ಕೇಳಿದರೆ ಅದಕ್ಕೂ.